ಬಡಿದು ಕೇಳುವವರು

ಫೆಬ್ರುವರಿ 9

ಅಕ್ಕನಿಗೆ,

ಹೇಗಿದ್ದೀಯ? ನೀನು ಫೋನಿನಲ್ಲಿ ಸಿಗುವುದಿಲ್ಲವೆಂದು ಗೊತ್ತಿದ್ದೇ ಕಾಗದ ಬರೆಯುತ್ತಿದ್ದೇನೆ. ನೀರು ಸರಬರಾಜು ಆಫೀಸಿನಲ್ಲಿ ದಿನವಿಡೀ ಜನರ ದೂರು ಕೇಳಿ ಬಂದವಳು ಮನೆಯಲ್ಲಿ ಮತ್ತೆ ಫೋನ್ ಕಿವಿಗಿಡುವುದಿಲ್ಲ ಎಂದು ನೀನು ಹೇಳಿ ವರ್ಷಗಳಾದವು. ಅದನ್ನು ನಾನು ಗೌರವಿಸುತ್ತೇನೆ.

ಅಪ್ಪ ಹೋಗಿ ನಾಳೆಗೆ ಮೂರು ತಿಂಗಳು. ಜೂನ್ ಮೊದಲ ಶನಿವಾರ ಅವರ ನೆನಪಿಗೆ ಒಂದು ದೊಡ್ಡ ನಾದಕೂಟ ಇಟ್ಟುಕೊಂಡಿದ್ದೇನೆ. ವಾರವಾರ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ನಡೆಯುವ ಹಾಗೆ ಇಪ್ಪತ್ತು ಮೂವತ್ತು ಜನರಲ್ಲ. ಈ ಸಲ ಪುರಭವನ, ಇನ್ನೂರು ಕುರ್ಚಿ. ನನ್ನ ಕೂಟ ಹೇಗಿರುತ್ತದೆಂದು ನೀನು ಒಮ್ಮೆಯೂ ಬಂದು ನೋಡಿಲ್ಲ, ಅದಕ್ಕೇ ಹೇಳುತ್ತೇನೆ. ಎಲ್ಲರೂ ದುಂಡಗೆ ಕೂರುತ್ತಾರೆ. ಮನಸ್ಸಿದ್ದವರು ಮಾತಾಡುತ್ತಾರೆ. ಯಾರೂ ಉತ್ತರ ಕೊಡುವಂತಿಲ್ಲ, ಸಲಹೆ ಕೊಡುವಂತಿಲ್ಲ, ಪಾಪ ಎನ್ನುವಂತಿಲ್ಲ. ಮಾತು ಮುಗಿದಾಗ ನಾನು ಕಂಚಿನ ಬಟ್ಟಲು ಬಾರಿಸುತ್ತೇನೆ. ಆ ಸದ್ದು ಪೂರ್ತಿ ಅಡಗುವವರೆಗೆ ಎಲ್ಲರೂ ಕಣ್ಣು ಮುಚ್ಚಿರುತ್ತಾರೆ. ಆಮೇಲೆ ಇನ್ನೊಬ್ಬರು. ಬರುವಾಗ ಮುಖ ಗಂಟು ಹಾಕಿಕೊಂಡವರು ಹೋಗುವಾಗ ಹಗುರಾಗಿರುತ್ತಾರೆ.

ನನಗೆ ಅಪ್ಪನ ಸುತ್ತಿಗೆ ಬೇಕು, ರೈಲಿನ ಗಾಲಿ ಬಡಿಯುತ್ತಿದ್ದ ಆ ಉದ್ದ ಹಿಡಿಯದು. ಒಂದು ತುಂಡು ರೈಲು ಹಳಿಯನ್ನು ತೂಗುಹಾಕಿ ಅದರಿಂದಲೇ ಮೊದಲ ನಾದ ಹೊರಡಿಸಬೇಕೆಂದಿದ್ದೇನೆ. ನಲವತ್ತು ವರ್ಷ ಸದ್ದನ್ನೇ ನಂಬಿ ಬದುಕಿದವರಿಗೆ ಇದಕ್ಕಿಂತ ದೊಡ್ಡ ಗೌರವ ಯಾವುದು ಹೇಳು? ಸೆಪ್ಟೆಂಬರ್ ಕೊನೆಯ ಶನಿವಾರ ಅವರು ನನ್ನ ಕೂಟಕ್ಕೆ ಬಂದು, ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಅಷ್ಟು ಚೆನ್ನಾಗಿ ಮಾತಾಡಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಸುತ್ತಿಗೆ ಕಳಿಸು. ಸಾಧ್ಯವಾದರೆ ನೀನೂ ಬಾ.

ನಿನ್ನ ತಮ್ಮ


ಫೆಬ್ರುವರಿ 20

ಗಂಟೆ,

ಅಪ್ಪ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ. ಅಡುಗೆಮನೆಯ ಪಾತ್ರೆಗಳನ್ನೆಲ್ಲ ನೀನು ಬಡಿದು ಸೊಟ್ಟಗೆ ಮಾಡುತ್ತಿದ್ದ ಕಾಲದಲ್ಲಿ ಬಂದ ಹೆಸರು. ಆಗ ಅದಕ್ಕೆ ಬೆನ್ನ ಮೇಲೆ ಏಟು ಬೀಳುತ್ತಿತ್ತು. ಈಗ ಅದೇ ಕೆಲಸಕ್ಕೆ ಜನ ಕಣ್ಣು ಮುಚ್ಚಿ ಕೂರುತ್ತಾರೆಂದರೆ ನಿನ್ನ ಅದೃಷ್ಟ ದೊಡ್ಡದು.

ಸುತ್ತಿಗೆ ಎಲ್ಲೂ ಹೋಗಿಲ್ಲ. ಹಿಂಬಾಗಿಲ ಮೂಲೆಯಲ್ಲಿ, ಅವರು ಒರಗಿಸಿಟ್ಟ ಜಾಗದಲ್ಲೇ ಇದೆ. ಪಕ್ಕದಲ್ಲಿ ಅವರ ತಗಡಿನ ಡಬ್ಬಿ. ಆದರೆ ಆ ಸುತ್ತಿಗೆ ಏನು ಮಾಡುತ್ತಿತ್ತು ಎಂಬುದು ನಿನಗೆ ಮರೆತಿರುವ ಹಾಗಿದೆ. ರೈಲು ನಿಂತ ಹನ್ನೆರಡು ನಿಮಿಷದಲ್ಲಿ ಅಪ್ಪ ಈ ತುದಿಯಿಂದ ಆ ತುದಿಗೆ ನಡೆದು ಪ್ರತಿ ಗಾಲಿಗೂ ಒಂದೊಂದು ಪೆಟ್ಟು ಹಾಕಬೇಕು. ಗಟ್ಟಿ ಗಾಲಿ ಠಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಮಂಕಾಗಿ ಠಪ್ ಎನ್ನುತ್ತದೆ. ಠಪ್ ಎಂದರೆ ಜೇಬಿನಿಂದ ಸೀಮೆಸುಣ್ಣ ತೆಗೆದು ಗಾಲಿಯ ಮೇಲೆ ಕತ್ತರಿ ಗುರುತು ಹಾಕಬೇಕು, ಆ ಬೋಗಿ ಮುಂದೆ ಹೋಗುವಂತಿಲ್ಲ. ಒಮ್ಮೆ ಸ್ಟೇಷನ್ ಮಾಸ್ತರು ಓಡಿ ಬಂದು, "ಗಾಡಿ ಆಗ್ಲೇ ಲೇಟಾಗಿದೆ ಮಾರಾಯ್ರೆ, ಮುಂದಿನ ಸ್ಟೇಷನ್ನಲ್ಲಿ ನೋಡ್ಕೋತಾರೆ ಬಿಡಿ" ಎಂದರಂತೆ. ಅಪ್ಪ, "ಕೇಳಿಸಿದ್ದು ನನಗೆ, ಮುಂದಿನ ಸ್ಟೇಷನ್ನಿಗಲ್ಲ" ಎಂದು ಗುರುತು ಹಾಕಿಯೇ ಹಾಕಿದರು. ಬೋಗಿ ತುಂಬ ಜನ ಹಿಡಿಶಾಪ ಹಾಕುತ್ತ ಗಂಟುಮೂಟೆ ಸಮೇತ ಇಳಿದರು. ಅಪ್ಪ ಬಡಿಯುತ್ತಿದ್ದದ್ದು ಬಿರುಕು ಹುಡುಕುವುದಕ್ಕೆ. ನೀನು ಬಡಿಯುವುದು ಜನರಿಗೆ ತೂಕಡಿಕೆ ತರಿಸುವುದಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಇರಲಿ. ಅಪ್ಪ ಮಾತಾಡಿದರು ಎಂದು ಬರೆದಿದ್ದೀಯ. ಅವರು ನಿನ್ನ ಕೂಟಕ್ಕೆ ಹೋಗಿದ್ದು ನನಗೆ ಗೊತ್ತಿತ್ತು. ಬಾಯಿ ಬಿಟ್ಟದ್ದು ಗೊತ್ತಿರಲಿಲ್ಲ. ಬಂದ ಮೇಲೆ, "ಹೇಗಿತ್ತು?" ಎಂದು ಕೇಳಿದ್ದಕ್ಕೆ "ಸದ್ದು ಚೆನ್ನಾಗಿತ್ತು" ಎಂದಷ್ಟೇ ಹೇಳಿ ಮಲಗಿದವರು. ಆರು ವಾರದಲ್ಲಿ ತೀರಿಕೊಂಡರು. ಒಂದು ತಿಂಗಳು ಮೊದಲು ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದಾಗ ನೀನೂ ನನ್ನ ಪಕ್ಕದಲ್ಲೇ ನಿಂತಿದ್ದೆ.

ಅವತ್ತು ಅವರು ಏನು ಹೇಳಿದರು? ಅದನ್ನು ಬರೆದು ಕಳಿಸು, ಸುತ್ತಿಗೆ ಮರುದಿನವೇ ಹೊರಡುತ್ತದೆ.

ಅಕ್ಕ


ಮಾರ್ಚ್ 4

ಅಕ್ಕ,

ನಿನ್ನ ಕಾಗದದ ಮಾತುಗಳಿಗಿಂತ ಅದರ ಹಿಂದಿರುವ ನೋವನ್ನು ಕೇಳಿಸಿಕೊಳ್ಳಲು ಪ್ರಯತ್ನಿಸಿದೆ. ಆ ನೋವಿಗೆ ನನ್ನಲ್ಲಿ ಜಾಗವಿದೆ.

ಆದರೆ ಕೇಳಿದ್ದನ್ನು ಕೊಡಲಾರೆ. ಕೂಟದ ಮಾತು ಕೂಟದಲ್ಲೇ ಉಳಿಯಬೇಕು. ಇದು ಮೊದಲ ನಿಯಮ. ಗೋಡೆಯ ಮೇಲೆ ಬರೆದು ಹಾಕಿದ್ದೇನೆ. ನಂಬಿಕೆ ಇಟ್ಟು ಬರುವ ಮೂವತ್ತು ಜನರಿದ್ದಾರೆ. ಅಪ್ಪ ಎಂಬ ಕಾರಣಕ್ಕೆ ಮುರಿದರೆ ನಾಳೆ ಇನ್ಯಾರೋ ಗಂಡ ಎಂದು, ಮತ್ಯಾರೋ ಮಗ ಎಂದು ಬಂದು ಕೇಳುತ್ತಾರೆ. ಕೂಟ ನಡೆಸುವವನು ಅಣೆಕಟ್ಟಿನ ಹಾಗೆ ನಿಲ್ಲಬೇಕಾಗುತ್ತದೆ. ಅಪ್ಪನ ಮಾತು ನನ್ನಲ್ಲಿ ಭದ್ರವಾಗಿದೆ ಎಂದಷ್ಟೇ ಹೇಳಬಲ್ಲೆ.

ಇನ್ನೊಂದು ಮಾತು, ತಪ್ಪು ತಿಳಿಯಬೇಡ. ಹನ್ನೆರಡು ವರ್ಷ ಒಂದೇ ಸೂರಿನ ಕೆಳಗೆ ಅವರ ಜೊತೆ ಇದ್ದವಳು ನೀನು. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದವನು ನಾನು. ಅವರ ಮನಸ್ಸಿನಲ್ಲಿ ಏನಿತ್ತೆಂದು ನೀನು ನನ್ನನ್ನು ಕೇಳಬೇಕಾಗಿ ಬಂದದ್ದು ಯಾಕೆ, ಯೋಚಿಸು. ಉಸಿರನ್ನು ಗಮನಿಸುತ್ತ ಯೋಚಿಸು.

ಸುತ್ತಿಗೆ ಹಠದ ವಸ್ತುವಾಗದಿರಲಿ.

ತಮ್ಮ


ಮಾರ್ಚ್ 22

ಗಂಟೆ,

ಉಸಿರನ್ನು ಗಮನಿಸಿದೆ. ಮೂಗಿನಿಂದ ಬಿಸಿಯಾಗಿಯೇ ಬರುತ್ತಿದೆ.

ಅಣೆಕಟ್ಟಂತೆ! ನನ್ನ ಆಫೀಸಿನಲ್ಲಿ ಮೂರು ಅಣೆಕಟ್ಟುಗಳ ನಕ್ಷೆ ಇದೆ, ನಿನ್ನದನ್ನೂ ಸೇರಿಸಿಕೊಳ್ಳಲು ಹೇಳುತ್ತೇನೆ. ನಿನ್ನ ಬೆಣ್ಣೆಯಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಬಟ್ಟಲು ಹಿಡಿಯುವ ಮೊದಲು ನೀನು ಜಗಳವಾಡುತ್ತಿದ್ದೆ. ಆಗ ಒಬ್ಬ ತಮ್ಮನಾದರೂ ಇದ್ದ.

ಈಗ ಕೇಳು. ಅಪ್ಪನ ಬಟ್ಟೆ ತೆಗೆದಿಡುವಾಗ ಪ್ಯಾಂಟಿನ ಜೇಬಿನಲ್ಲಿ ಒಂದು ಟೈಲರ್ ಚೀಟಿ ಸಿಕ್ಕಿತು. ಕೋಟು, ಒಳಪದರ ಹೊಲಿಗೆ ಎಂದಿತ್ತು. ತಾರೀಕು ನೀನು ಹೇಳಿದ ಅದೇ ಶನಿವಾರದ್ದು. ಬೂದು ಕೋಟು ಎಲ್ಲಿ ಹೋಯಿತೆಂದು ನಾನು ಚಳಿಗಾಲವೆಲ್ಲ ಹುಡುಕಿದ್ದೆ. ನಿನ್ನೆ ಮಧ್ಯಾಹ್ನ ರಜೆ ಹಾಕಿ ಹೋದೆ. ಗ್ರಂಥಾಲಯದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿ ಅಂಗಡಿ. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡ ಹೆಂಗಸು ಚೀಟಿ ನೋಡಿ ಒಂದೊಂದಾಗಿ ಪಿನ್ನು ತೆಗೆದು ದಿಂಬಿಗೆ ಚುಚ್ಚಿದಳು. ಅಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ. ಕೋಟು ಇಸ್ತ್ರಿ ಮಾಡಿ ಹೊದಿಕೆಯೊಳಗೆ ಇಟ್ಟಿದ್ದಳು. ಆ ಟೈಲರಮ್ಮ ನಿನ್ನ ಕೂಟದವಳಂತೆ, ಅವತ್ತು ಅಪ್ಪನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವಳಂತೆ.

ನಾನು ಬಿಡಲಿಲ್ಲ, ಕೇಳಿಯೇ ಬಿಟ್ಟೆ. "ಬೇಡಮ್ಮಾ, ಕೂಟದ ಮಾತು ಹೊರಗೆ ಆಡಲ್ಲ ಅಂತ ಒಪ್ಕೊಂಡಿದೀನಿ. ನಿಮ್ಮ ತಮ್ಮನ್ನೇ ಕೇಳಿ. ಅವರಿಗೇ ಅಲ್ವಾ ಹೇಳಿದ್ದು?" ಎಂದಳು.

ಅವರಿಗೇ ಅಲ್ವಾ ಹೇಳಿದ್ದು! ಕೂಟಕ್ಕಲ್ಲ, ಮೂವತ್ತು ಜನಕ್ಕಲ್ಲ, ನಿನಗೆ. ಒಬ್ಬ ಅಪ್ಪ ಮಗನಿಗೆ ಹೇಳಿದ ಮಾತಿಗೆ ಯಾವ ಗೋಡೆಯ ಯಾವ ನಿಯಮ? ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಬಿಡು. ನನಗೆ ಅದು ಯಾಕೆ ಇಷ್ಟು ಬೇಕು ಎಂದು ಕೇಳಬೇಡ, ಈಗ ಹೇಳಲಾರೆ. ರಾತ್ರಿ ನಿದ್ದೆ ಬರುತ್ತಿಲ್ಲ ಎಂಬುದು ಮಾತ್ರ ನಿಜ.

ಅಕ್ಕ


ಏಪ್ರಿಲ್ 17

ಅಕ್ಕ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಹೂವಿನ ಮಾತುಗಳನ್ನೆಲ್ಲ ಮೊದಲ ನಾಲ್ಕರಲ್ಲೇ ಹರಿದು ಹಾಕಿದ್ದೇನೆ.

ಅಪ್ಪ ಏನು ಹೇಳಿದರೆಂದು ನನಗೆ ಗೊತ್ತಿಲ್ಲ.

ನಾನು ಅಲ್ಲೇ ಇದ್ದೆ, ಮೂರು ಮಾರು ದೂರದಲ್ಲಿ. ನಮಗೆ ತರಬೇತಿಯಲ್ಲಿ ಕಲಿಸುತ್ತಾರೆ, ನಾನೂ ಈಗ ಬೇರೆಯವರಿಗೆ ಕಲಿಸುತ್ತೇನೆ: ಕೂಟ ನಡೆಸುವವನು ಮಾತಿನ ಅರ್ಥದ ಹಿಂದೆ ಹೋಗಬಾರದು, ಧ್ವನಿಯನ್ನು ಕೇಳಬೇಕು. ಅರ್ಥ ಹಿಡಿದರೆ ಕರುಣೆ ಬರುತ್ತದೆ, ಸಿಟ್ಟು ಬರುತ್ತದೆ, ಕೂಟ ಕೈತಪ್ಪುತ್ತದೆ. ಧ್ವನಿ ಎಲ್ಲಿಂದ ಏಳುತ್ತದೆ, ಉಸಿರು ಎಲ್ಲಿ ಮುರಿಯುತ್ತದೆ, ಅದನ್ನು ನೋಡಿಕೊಂಡು ಯಾವ ಬಟ್ಟಲು ಬಾರಿಸಬೇಕೆಂದು ತೀರ್ಮಾನಿಸಬೇಕು. ಆರು ವರ್ಷದಲ್ಲಿ ಅದು ನನಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಜನ ಮಾತಾಡುವಾಗ ನನಗೆ ಪದಗಳು ಕೇಳಿಸುವುದೇ ಇಲ್ಲ. ಇದನ್ನು ಸಾಧನೆ ಎಂದು ಹೆಮ್ಮೆಪಡುತ್ತಿದ್ದೆ.

ಅಪ್ಪ ಬಾಗಿಲಲ್ಲಿ ಕಾಣಿಸಿದಾಗ ನನಗೆ ಆದ ಸಂತೋಷ ನಿನಗೆ ಹೇಗೆ ಹೇಳಲಿ? ಇಷ್ಟು ವರ್ಷ "ಅದೇನೋ ಬಟ್ಟಲು" ಎಂದು ನಗುತ್ತಿದ್ದವರು ಕೊನೆಗೂ ಬಂದಿದ್ದಾರೆ. ನನ್ನ ಕೆಲಸ ಎಷ್ಟು ಚೆನ್ನಾಗಿದೆಯೆಂದು ತೋರಿಸಬೇಕು, ಅಷ್ಟೇ ತಲೆಯಲ್ಲಿದ್ದದ್ದು. ಅವರು ಮಾತು ಶುರು ಮಾಡಿದೊಡನೆ ಕಣ್ಣು ಮುಚ್ಚಿದೆ. ಕೂಟ ಮುಗಿದ ಮೇಲೆ ಟಿಪ್ಪಣಿ ಬರೆಯುವ ರೂಢಿ ಇದೆ. ಅವತ್ತಿನದನ್ನು ಹಾಗೇ ಇಳಿಸುತ್ತೇನೆ: "ಅಪ್ಪ. ಧ್ವನಿ ಎದೆಯಿಂದ, ಒರಟು. ಮೂರು ಕಡೆ ಉಸಿರು ಕಡಿತ. ನಡುವೆ ಎಲ್ಲರಿಗೂ ನಗು. ಕೊನೆಯಲ್ಲಿ ತುಂಬ ಇಳಿಕೆ, ಬಹುತೇಕ ಪಿಸುಮಾತು. ದೊಡ್ಡ ಬಟ್ಟಲು. ಬಹಳ ಚೆನ್ನಾಗಿ ಮೂಡಿತು."

ಇಷ್ಟೇ ಇರುವುದು. ಭದ್ರವಾಗಿದೆ ಎಂದು ಬರೆದೆನಲ್ಲ, ಭದ್ರವಾಗಿರುವುದು ಇದು.

ಮಾತು ನಿಂತಾಗ ಕಣ್ಣು ತೆರೆದೆ. ಅಪ್ಪ ನನ್ನನ್ನೇ ನೋಡುತ್ತಿದ್ದರು. ನಾನು ತಲೆ ಬಾಗಿಸಿ "ಸ್ವೀಕರಿಸಿದೆವು" ಎಂದು ಬಟ್ಟಲು ಬಾರಿಸಿದೆ. ಅವರು ಆ ಸದ್ದು ಅಡಗುವವರೆಗೂ ನೋಡುತ್ತಲೇ ಇದ್ದರು. ಮೆಚ್ಚಿಕೊಂಡರು ಎಂದುಕೊಂಡೆ.

ನೀನು ಕೇಳಿದಾಗ ನಿಯಮದ ಹಿಂದೆ ಅಡಗಿಕೊಂಡೆ. ಈಗ ನಾನೇ ನಿನ್ನನ್ನು ಬೇಡುತ್ತೇನೆ. ನಾನು ಟೈಲರಮ್ಮನ ಹತ್ತಿರ ಹೋಗಿ ಯಾವ ಬಾಯಿಯಿಂದ ಕೇಳಲಿ? ಅವರೆಲ್ಲ ನನ್ನನ್ನು ಕೇಳಿಸಿಕೊಳ್ಳುವವನು ಎಂದು ನಂಬಿದ್ದಾರೆ. ನೀನು ಹೋಗು. ಈ ಕಾಗದ ತೋರಿಸು. ಅಪ್ಪ ನನಗೆ ಏನು ಹೇಳಿದರೆಂದು ಗೊತ್ತಾದರೆ ನನಗೂ ತಿಳಿಸು.

ನಿನ್ನ ತಮ್ಮ


ಏಪ್ರಿಲ್ 30

ನೀರಿನ ಆಫೀಸಿನ ಮೇಡಂ ಅವರಿಗೆ,

ನೀವು ನಿಮ್ಮ ತಮ್ಮನ ಕಾಗದ ತೋರಿಸಿ ಹೋದ ದಿನದಿಂದ ನನ್ನ ಹೊಲಿಗೆ ನೆಟ್ಟಗೆ ಬೀಳುತ್ತಿಲ್ಲ. ಒಬ್ಬರ ಅಂಗಿಗೆ ಎರಡೂ ಎಡತೋಳು ಕೂರಿಸಿದ್ದೇನೆ. ಎದುರಿಗೆ ನಿಂತು ಹೇಳುವುದು ನನ್ನಿಂದಾಗದು, ಬರೆಯುತ್ತೇನೆ. ನನಗೆ ನೆನಪಿರುವ ಹಾಗೆ ಅವರದೇ ಮಾತಿನಲ್ಲಿ ಬರೆಯುತ್ತೇನೆ.

ನಿಮ್ಮ ತಂದೆ ಹೇಳಿದ್ದು ಇದು: "ನಲವತ್ತು ವರ್ಷ ಗಾಲಿ ಬಡಿದು ಕೇಳ್ದೋನು ನಾನು. ಮೊನ್ನೆ ನನ್ನ ಎದೇನೇ ಬಡಿದು ನೋಡ್ಕೊಂಡೆ. ಠಪ್ ಅಂತು. ಎರಡು ವಾರದಿಂದ ಕೆಮ್ಮಿದ್ರೆ ಕರ್ಚೀಫಲ್ಲಿ ರಕ್ತ ಬರ್ತಿದೆ. ಮಗಳಿಗೆ ಹೇಳಿಲ್ಲ. ಅವಳು ದಿನಾ ಊರ ದೂರೆಲ್ಲ ಕೇಳಿ ಬರ್ತಾಳೆ, ನಂದೂ ಒಂದು ಯಾಕೆ ಅಂತ. ಕೆಮ್ಮು ಜಾಸ್ತಿ ಆದಾಗ ಅವಳೇ ಅಂದ್ಲು, ಹೋಗಿ ಮಗನ ಬಟ್ಟಲ ಮುಂದೆ ಕೆಮ್ಮಿ, ವಾಸಿ ಮಾಡ್ತಾನೆ ಅಂತ. ಅದಕ್ಕೇ ಬಂದೆ."

ಅದಕ್ಕೆ ನಾವೆಲ್ಲ ನಕ್ಕೆವು ಮೇಡಂ. ಅವರೂ ನಗುತ್ತಲೇ ಹೇಳಿದ್ದು. ಆಮೇಲೆ ದನಿ ಸಣ್ಣದಾಯಿತು. "ಆಸ್ಪತ್ರೆಗೆ ಒಬ್ಬನೇ ಹೋಗೋಕೆ ಹೆದ್ರಿಕೆ ಆಗ್ತಿದೆ. ಮಗ ಕರ್ಕೊಂಡು ಹೋಗ್ತಾನೇನೋ ಅಂತ. ಮನೇಲಿ ಕೇಳೋಕೆ ಬಾಯಿ ಬರ್ಲಿಲ್ಲ. ಇಲ್ಲಾದ್ರೆ ಅವನು ಕೇಳಿಸ್ಕೊಳ್ತಾನಂತಲ್ಲ."

ಅಷ್ಟು ಹೇಳಿ ಮಗನ ಮುಖ ನೋಡಿದರು. ಬಟ್ಟಲು ಮೊಳಗಿತು. ಅದರ ಸದ್ದು ಒಂದು ನಿಮಿಷಕ್ಕೂ ಮಿಗಿಲಾಗಿ ಇರುತ್ತದೆ. ಅವರು ಕಾಯುತ್ತ ಕೂತಿದ್ದರು. ಆಮೇಲೆ ಇನ್ನೊಬ್ಬರು ತಮ್ಮ ಸೊಸೆಯ ವಿಷಯ ಶುರು ಮಾಡಿದರು.

ಯಾರೂ ಉತ್ತರ ಕೊಡಬಾರದೆಂಬುದು ನಿಯಮ. ಮೇಲಾಗಿ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಎದುರಿಗೆ ಕೂತು ಕೇಳಿದ್ದಾನೆ, ನಡುವೆ ನಾವ್ಯಾರು ಎಂದುಕೊಂಡೆವು. ಆದರೂ ನನಗೆ ಮನಸ್ಸು ತಡೆಯಲಿಲ್ಲ. ಇಳಿಯುವಾಗ ಮೆಟ್ಟಿಲ ಮೇಲೆ ಹಿಂದಿನಿಂದ ಹೋದೆ. ಏನು ಹೇಳಬೇಕೆಂದು ತೋಚದೆ, "ನಿಮ್ಮ ಕೋಟಿನ ಒಳಪದರ ಹರಿದಿದೆ, ಕೊಡಿ, ಹೊಲಿದುಕೊಡ್ತೀನಿ" ಎಂದೆ. ಅಂಗಡಿಯವರೆಗೂ ಬಂದು ಕೋಟು ಬಿಚ್ಚಿಕೊಟ್ಟರು. ಜೇಬಿನಲ್ಲಿ ಆ ಕರ್ಚೀಫು ಉಳಿದಿತ್ತು. ನಾನು ಅದನ್ನು ಒಗೆದು ಮಡಿಸಿಟ್ಟೆ. ಒಗೆಯಬಾರದಿತ್ತು, ತಂದು ನಿಮ್ಮ ಕೈಗೆ ಕೊಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಇನ್ನು ಕೂಟಕ್ಕೆ ಹೋಗುವುದಿಲ್ಲ.

ಇಂತಿ,
ಟೈಲರ್ ಅಂಗಡಿಯವಳು


ಮೇ 24

ಗಂಟೆ,

ಟೈಲರಮ್ಮ ಬರೆದು ಮೂರು ವಾರ ದಾಟಿತು. ಅಷ್ಟೂ ದಿನ ಅವಳ ಕಾಗದ ನನ್ನ ಆಫೀಸಿನ ಕೈಚೀಲದಲ್ಲಿತ್ತು. ಈ ನಡುವೆ ನಿನ್ನ ಎರಡು ಕಾರ್ಡು ಬಂದವು, "ಏನಾದರೂ ತಿಳಿಯಿತೇ?" ಎಂದು. ಉತ್ತರ ಬರೆಯಲಿಲ್ಲ. ಮೊದಲ ವಾರ ನಿನಗೆ ಹೇಳಲೇಬಾರದೆಂದುಕೊಂಡೆ, ನೀನು ಬದುಕಿಕೊಳ್ಳಲಿ ಎಂದು. ಎರಡನೆಯ ವಾರ ಹೇಳದಿರುವುದೇ ಸರಿಯಾದ ಶಿಕ್ಷೆ ಎನ್ನಿಸಿತು. ಕೂಟದ ಮಾತು ಕೂಟದಲ್ಲೇ ಇರಲಿ ಎಂದು ಒಂದು ಸಾಲು ಬರೆದು ಹಾಕಲು ಕೈ ತುರಿಸುತ್ತಿತ್ತು. ಬರೆದೂ ಇದ್ದೆ, ಲಕೋಟೆ ಅಂಟಿಸಿರಲಿಲ್ಲ.

ನಾನು ಯಾಕೆ ಅಷ್ಟು ಹಠ ಹಿಡಿದೆನೆಂದು ಈಗ ಹೇಳುತ್ತೇನೆ. ಅಪ್ಪನನ್ನು ನಿನ್ನ ಕೂಟಕ್ಕೆ ಕಳಿಸಿದವಳು ನಾನು. ಗೋಡೆಯ ಆಚೆ ಕೆಮ್ಮು ನನಗೆ ತಿಂಗಳುಗಟ್ಟಲೆ ಕೇಳಿಸುತ್ತಿತ್ತು. ಕೇಳಿಸದಿರಲೆಂದು ರೇಡಿಯೋ ಜೋರು ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಆಫೀಸಿಗೆ ಹೊತ್ತಾಗಿತ್ತು, ಅವರು ಬಚ್ಚಲಿನಲ್ಲಿ ಕೆಮ್ಮುತ್ತ ಹೊರಗೆ ಬರಲೇ ಇಲ್ಲ. ಬಾಗಿಲು ಬಡಿದು, ನಿನ್ನ ಮೇಲಿನ ಕೋಪವನ್ನೂ ಸೇರಿಸಿ ಒಂದು ಮಾತು ಅಂದೆ. ಅದು ಏನೆಂದು ಟೈಲರಮ್ಮನ ಕಾಗದದಲ್ಲಿದೆ. ಅಪ್ಪ ಅದನ್ನು ಮರೆತಿರಲಿ ಎಂದು ಆಸೆಪಟ್ಟೆ. ಮರೆತಿರಲಿಲ್ಲ. ಮೂವತ್ತು ಜನರ ಮುಂದೆ ಹೇಳಿ ನಗಿಸಿದರಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಇಷ್ಟು ದಿನ ನಿನಗೆ ಬೈದದ್ದು.

ದಿನಕ್ಕೆ ಎಂಬತ್ತು ಜನರಿಗೆ "ನಿಮ್ಮ ದೂರು ದಾಖಲಾಗಿದೆ" ಎನ್ನುತ್ತೇನೆ. ನೀನು "ಸ್ವೀಕರಿಸಿದೆವು" ಎನ್ನುತ್ತೀಯ. ಸದ್ದು ಕೇಳಿ ಬದುಕಿದ ಮನುಷ್ಯನಿಗೆ ಎಂಥ ಮಕ್ಕಳು ಹುಟ್ಟಿದೆವು ನೋಡು. ಕಿವುಡರ ಮುಂದೆ ಕಿನ್ನರಿ ಬಾರಿಸಿ ಹೋದರು ಅಪ್ಪ.

ಆದರೂ ಹೇಳದೆ ಇರಲಾಗಲಿಲ್ಲ. ಸ್ಟೇಷನ್ ಮಾಸ್ತರಿಗೆ ಅವರು ಕೊಟ್ಟ ಉತ್ತರ ತಲೆಯಿಂದ ಹೋಗುತ್ತಿಲ್ಲ. ಕೇಳಿಸಿದ್ದು ನನಗೆ. ಹೇಳಬೇಕಾದವಳೂ ನಾನೇ.

ಸುತ್ತಿಗೆ ಕಳಿಸುವುದಿಲ್ಲ. ಅದರಿಂದ ನಾದ ಹೊರಡಿಸುವ ಯೋಗ್ಯತೆ ನಿನಗೂ ಇಲ್ಲ, ಮುಟ್ಟುವ ಯೋಗ್ಯತೆ ನನಗೂ ಇಲ್ಲ, ಮೂಲೆಯಲ್ಲೇ ಇರಲಿ. ಅವರ ತಗಡಿನ ಡಬ್ಬಿಯಲ್ಲಿ ಒಂದು ಸೀಮೆಸುಣ್ಣ ಉಳಿದಿತ್ತು. ಎರಡು ತುಂಡು ಮಾಡಿದೆ. ಒಂದು ನನ್ನ ಹತ್ತಿರ ಇಟ್ಟುಕೊಂಡು ಇನ್ನೊಂದನ್ನು ಈ ಲಕೋಟೆಯಲ್ಲಿ ಹಾಕಿದ್ದೇನೆ.

ಟೈಲರಮ್ಮನ ಕಾಗದವೂ ಒಳಗಿದೆ. ಅದರಲ್ಲಿರುವುದು ಅಪ್ಪನದೇ ಮಾತು. ಬಾಗಿಲು ಹಾಕಿಕೊಂಡು, ಕಣ್ಣು ತೆರೆದು, ಒಂದೊಂದು ಪದವನ್ನೂ ಓದು. ಮುಗಿದ ಮೇಲೆ ಬಟ್ಟಲು ಬಾರಿಸಬೇಡ.

ಅಕ್ಕ